ಅಳತೆಗೆ ನಿಂತವರು

ಹೋದ ತಿಂಗಳು ಸಕ್ಕರೆ ಪರೀಕ್ಷೆ ಮಾಡಿಸಲು ಅರಸೀಕೆರೆಯ ಒಂದು ಲ್ಯಾಬಿಗೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕತ್ತು, ಬೆನ್ನು ಎರಡೂ ನೋಯತೊಡಗಿದವು. "ಯಾಕ್ ಮೇಡಂ, ಹೆದ್ರಿಕೇನಾ?" ಎಂದಳು ಹುಡುಗಿ. ಹೆದರಿಕೆಯಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದಿಡೀ ಮಳೆಗಾಲ ನಾನು ಆ ವಾಸನೆಯೊಳಗೇ ಕೂತು ಕೆಲಸ ಮಾಡಿದ್ದೆ. ಮನಸ್ಸು ಮರೆತಿದ್ದನ್ನು ಬೆನ್ನು ಮರೆತಿರಲಿಲ್ಲ, ಅಷ್ಟೇ.

ಮಳೆಗಾಲ ಅಂದರೆ ಕ್ಯಾಲೆಂಡರಿನ ಮಳೆಗಾಲ. ಆ ವರ್ಷ ಅರಸೀಕೆರೆಗೆ ಬಂದದ್ದು ಗಾಳಿ ಮಾತ್ರ.

ಆಗ ನಾನು ಊರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿ. ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ ಎನ್ನುವುದೊಂದೇ ನನ್ನ ತಪ್ಪು. ಜೂನ್ ತಿಂಗಳಲ್ಲಿ ಪ್ರಿನ್ಸಿಪಾಲರು ಕರೆಸಿ ಒಂದು ಕಬ್ಬಿಣದ ಟ್ರಂಕನ್ನೂ ಆಗಷ್ಟೇ ಬಂದಿದ್ದ ಒಂದು ಸ್ಕ್ಯಾನರನ್ನೂ ತೋರಿಸಿದರು. ಟ್ರಂಕಿನ ತುಂಬ ಸ್ಲೈಡುಗಳು. ರಟ್ಟಿನ ಪುಟ್ಟ ಚೌಕಟ್ಟು, ನಡುವೆ ಅಂಚೆಚೀಟಿಯಷ್ಟು ಬಣ್ಣದ ಫಿಲಂ. ಕಿಟಕಿಗೆ ಹಿಡಿದರೆ ಅದರೊಳಗೆ ಒಂದು ಇಡೀ ದೇವಸ್ಥಾನ ಕಾಣುತ್ತಿತ್ತು. ನನಗೆ ಬಿ.ಎ.ಯಲ್ಲಿ ಇತಿಹಾಸ ಕಲಿಸಿದ ಕೇಶವಮೂರ್ತಿ ಮೇಷ್ಟ್ರು ಎಪ್ಪತ್ತರ ದಶಕದಲ್ಲಿ ಬೇಲೂರು, ಹಳೇಬೀಡು, ಬಸ್ತಿಹಳ್ಳಿ, ಹುಲಿಕೆರೆ ಎಂದು ಸೈಕಲ್ ತುಳಿದು ತೆಗೆದವು ಅವು. ಅವುಗಳಲ್ಲಿ ಹತ್ತಿಪ್ಪತ್ತನ್ನು ಕಿಟಕಿಗೆ ಕಂಬಳಿ ಕಟ್ಟಿ ನಮ್ಮ ಕ್ಲಾಸಿನಲ್ಲಿ ಗೋಡೆ ಮೇಲೆ ತೋರಿಸಿದ್ದರು. ಮಿಕ್ಕವನ್ನು ಯಾರೂ ನೋಡಿರಲಿಲ್ಲ.

"ದೀಪಾವಳಿ ಹೊತ್ತಿಗೆ ತಪಾಸಣೆ ತಂಡ ಬರುತ್ತೆ ರತ್ನಮ್ಮ" ಎಂದರು ಪ್ರಿನ್ಸಿಪಾಲರು. "ಅಷ್ಟರಲ್ಲಿ ಎಲ್ಲಾ ಇಂಟರ್‌ನೆಟ್‌ಗೆ ಹೋಗ್ಬೇಕು. ನಮ್ಮ ಕಾಲೇಜಿನ ಹೆಸರಲ್ಲಿ ಒಂದು ಪುಟ ಮಾಡಿಸ್ತೀನಿ. ಹೊಯ್ಸಳರ ಶಿಲ್ಪ ಅಂದ್ರೆ ಪ್ರಪಂಚದಲ್ಲಿ ಎಲ್ಲಿಂದ ಬೇಕಾದ್ರೂ ನೋಡ್ತಾರೆ."

ಹೇಳುವುದು ಸುಲಭ. ಮಾಡುವುದು ಹೀಗಿತ್ತು. ಸ್ಕ್ಯಾನರಿನಲ್ಲಿ ಒಂದು ಸಲಕ್ಕೆ ನಾಲ್ಕೇ ಸ್ಲೈಡು ಕೂರುತ್ತಿದ್ದವು. ಕೂರಿಸುವ ಮುಂಚೆ ಪ್ರತಿಯೊಂದರ ಧೂಳು ಊದಬೇಕು. ಬೂಸಲು ಹಿಡಿದಿದ್ದರೆ ಹತ್ತಿಗೆ ಸ್ಪಿರಿಟ್ ತಾಗಿಸಿ, ಉಸಿರು ಬಿಗಿಹಿಡಿದು ಒರೆಸಬೇಕು. ಆಮೇಲೆ ಯಂತ್ರ ತನ್ನ ಪಾಡಿಗೆ ಗೊರಗೊರ ಎನ್ನುತ್ತ ಹೋಗುವುದನ್ನು ನೋಡುತ್ತ ಕೂರಬೇಕು. ಮುಗಿಯುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಆಷಾಢದ ಗಾಳಿ ಬೇರೆ. ಕಿಟಕಿ ಎಷ್ಟು ಬಿಗಿಯಾಗಿ ಹಾಕಿದರೂ ಕೆಂಪು ಧೂಳು ಎಲ್ಲಿಂದಲೋ ನುಸುಳಿ, ಈಗಷ್ಟೇ ಒರೆಸಿಟ್ಟ ಫಿಲಂ ಮೇಲೆ ಕೂರುತ್ತಿತ್ತು. ಫ್ಯಾನ್ ಹಾಕುವಂತಿಲ್ಲ. ಪುಸ್ತಕ ಕೇಳಿಕೊಂಡು ಬಂದವರು ನನ್ನ ಮುಖ ನೋಡಿಯೇ ವಾಪಸು ಹೋಗುತ್ತಿದ್ದರು.

ಮನೆಗೆ ಹೋದರೆ ಅಲ್ಲೂ ಕೂರುವಂತಿರಲಿಲ್ಲ. ನನ್ನ ಗಂಡ ಕಣಕಟ್ಟೆಯಲ್ಲಿ ಮೇಷ್ಟ್ರು. ಬೆಳಗ್ಗೆ ಬಸ್ಸು ಹಿಡಿದರೆ ಬರುವುದು ಸಂಜೆ. ಮಗಳು ಎರಡನೇ ಕ್ಲಾಸು. ನಮ್ಮವ್ವ ನಿಂಗಮ್ಮ ನನ್ನ ಜೊತೆಗೇ ಇದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದು, ಅಕ್ಕಿ ಆರಿಸಲು ಕೂತರೆ ಕಲ್ಲನ್ನು ಕೈಯಲ್ಲೇ ಹುಡುಕುತ್ತಿದ್ದಳು. ಆಪರೇಷನ್ ಮಾಡಿಸಬೇಕು, ಮಾಡಿಸಬೇಕು ಎನ್ನುತ್ತಲೇ ವಾರಗಳು ಹೋಗುತ್ತಿದ್ದವು.

ಕೇಶವಮೂರ್ತಿ ಮೇಷ್ಟ್ರು ಮಂಗಳವಾರ, ಶುಕ್ರವಾರ ಬೇಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರದು ತಲೆಮಾರುಗಳಿಂದ ದೇವಸ್ಥಾನದ ಸೇವೆಯ ಮನೆತನ. ಅವರೊಬ್ಬರು ಪಾಠ ಹೇಳಲು ಹೋದವರು. ಅಲ್ಲಿ ಸೋನೆ ಹಿಡಿದಿರುತ್ತಿತ್ತೋ ಏನೋ, ಒದ್ದೆ ಕೊಡೆ ಹಿಡಿದು ನಮ್ಮ ಧೂಳಿನೊಳಗೆ ಇಳಿಯುತ್ತಿದ್ದರು. ಯಾವ ಸ್ಲೈಡು ಯಾವ ಗುಡಿಯದು ಎಂದು ಬರೆದಿಟ್ಟಿದ್ದ ಪುಸ್ತಕವನ್ನು ಗೆದ್ದಲು ತಿಂದಿತ್ತು. ಉಳಿದಿದ್ದು ಅವರ ತಲೆಯಲ್ಲಿದ್ದದ್ದು ಮಾತ್ರ, ಅದೂ ಸವೆಯುತ್ತಿತ್ತು. ಒಂದೊಂದನ್ನೂ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, "ಹಳೇಬೀಡು, ದಕ್ಷಿಣದ ಗೋಡೆ. ಬರ್ಕೊಳಮ್ಮ" ಎನ್ನುತ್ತಿದ್ದರು. ಕೆಲವೊಮ್ಮೆ ಕೈ ಹಾಗೇ ನಿಂತುಬಿಡುತ್ತಿತ್ತು. "ಇದು... ಇದನ್ನ ಪಕ್ಕಕ್ಕಿಡು" ಎಂದು ಮುಖ ತಿರುಗಿಸುತ್ತಿದ್ದರು.

ಬಹಳಷ್ಟು ಸ್ಲೈಡುಗಳಲ್ಲಿ ಶಿಲ್ಪದ ಪಕ್ಕ ಯಾರೋ ಒಬ್ಬರು ನಿಂತಿರುತ್ತಿದ್ದರು. ತಲೆಗೆ ಟವೆಲ್ ಸುತ್ತಿದ ಗಂಡಸು, ಕುಡುಗೋಲು ಹಿಡಿದ ಹೆಂಗಸು. ಮೊದಲ ವಾರವೇ ನಾನು ಕೇಳಿದ್ದೆ.

"ಅವರು ಅಳತೆಗೆ ನಿಂತವರು" ಎಂದರು ಮೇಷ್ಟ್ರು. "ಪಕ್ಕದಲ್ಲಿ ಮನುಷ್ಯ ನಿಂತಿದ್ರೆ ಕಂಬ ಎಷ್ಟೆತ್ತರ ಅಂತ ಗೊತ್ತಾಗುತ್ತೆ. ಈಗ ಎತ್ತರ ನಾವೇ ಬರೀತೀವಲ್ಲ, ಅವರನ್ನ ಕತ್ತರಿಸಿಬಿಡು. ಶಿಲ್ಪ ಮಾತ್ರ ಇರಲಿ."

ಕಂಪ್ಯೂಟರಿನಲ್ಲಿ ಜಾಗ ಕಡಿಮೆ. ಕತ್ತರಿಸಿದ ಚಿತ್ರವನ್ನಷ್ಟೇ ಇಟ್ಟುಕೊಂಡು ಮಿಕ್ಕಿದ್ದನ್ನು ಅಳಿಸುತ್ತಿದ್ದೆ. ಮೌಸ್ ಎಳೆದು ಒಂದು ಚೌಕ ಹಾಕುವುದು, ಗುಂಡಿ ಒತ್ತುವುದು. ಅರ್ಧ ಕ್ಷಣದ ಕೆಲಸ. ಜೂನ್, ಜುಲೈ ಪೂರ್ತಿ ಹಾಗೆ ಮಾಡಿದೆ. ಆ ಮುಖಗಳನ್ನು ನಾನೊಮ್ಮೆಯೂ ಸರಿಯಾಗಿ ನೋಡಲಿಲ್ಲ. ಸ್ಲೈಡುಗಳ ಸಂಖ್ಯೆ ಬೇಗ ಕರಗಬೇಕು, ನಾನು ಬೇಗ ಮನೆಗೆ ಹೋಗಬೇಕು, ಅಷ್ಟೇ ಬೇಕಾಗಿತ್ತು.

ಆಗಸ್ಟಿನಲ್ಲಿ ಬಸ್ತಿಹಳ್ಳಿಯ ಡಬ್ಬಿ ತೆಗೆದೆ. ಹಳೇಬೀಡಿನ ಪಕ್ಕದ ಆ ಜೈನ ಬಸದಿಯೊಳಗೆ ಕನ್ನಡಿಯಂತೆ ಹೊಳೆಯುವ ಕಂಬಗಳಿವೆ. ಅಂಥ ಒಂದು ಕಂಬದ ಪಕ್ಕ ಇಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ಬಲಗೈ ಕಂಬದ ಮೇಲಿದೆ. ಎಡಗೈಯನ್ನು ಹಿಂಬದಿ ಮಾಡಿ ಸೊಂಟಕ್ಕೆ ಒತ್ತಿಕೊಂಡಿದ್ದಾಳೆ, ಅಂಗೈ ಹೊರಗೆ. ಚೌಕ ಎಳೆದು, ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಆ ಕೈಯನ್ನು ಅವತ್ತು ಬೆಳಗ್ಗೆ ತಾನೇ ನಮ್ಮ ಅಡುಗೆಮನೆಯಲ್ಲಿ ನೋಡಿದ್ದೆ. ಹಾಗೆ ಅಂಗೈ ಹೊರಗೆ ಮಾಡಿ ಸೊಂಟಕ್ಕೆ ಕೈಯೊತ್ತಿ ನಿಲ್ಲುವವರನ್ನು ನಾನು ಜೀವನದಲ್ಲಿ ಒಬ್ಬಳನ್ನೇ ಕಂಡಿರುವುದು.

ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಕೊಂಡು ಮನೆಗೆ ಹೋದೆ. ಅವ್ವ ಅದನ್ನು ಬಾಗಿಲ ಬೆಳಕಿಗೆ ಒಯ್ದು, ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಸೀರೆ ನಂದಲ್ಲ ಕಣೇ. ನಮ್ಮತ್ತಿಗೇದು" ಎಂದಳು.

"ಹಂಗಾದ್ರೆ ಇದು ನೀನೇನಾ ಅವ್ವ?"

"ನಾನಲ್ದೆ ಇನ್ಯಾರು."

ಅವಳು ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಕಾಗದವನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಬೀದಿ ಕಡೆ ನೋಡುತ್ತ ಕೂತಳು. ಕಾಫಿ ಕೊಟ್ಟ ಮೇಲೆ ತಾನಾಗಿಯೇ ಶುರು ಮಾಡಿದಳು.

"ಬಸ್ತಿ ಸುತ್ತ ಹುಲ್ಲು ಕೀಳೋಕೆ ಹೋಯ್ತಿದ್ದೋ ನಾವು. ಹೊರಗಡೆ ಮಾತ್ರ. ಒಳೀಕೆ ಕಾಲಿಟ್ರೆ ಕೂಲಿ ಮೇಸ್ತ್ರಿ ಬೈಯೋನು. ಅವತ್ತು ಈ ಫೋಟೋದೋರು ಬಂದ್ರು. 'ಬಾ ತಾಯಿ, ಈ ಕಂಬದ ಪಕ್ಕ ನಿಂತ್ಕೋ' ಅಂದ್ರು. ನಾನು ಬಾಗಿಲಲ್ಲೇ ನಿಂತೆ. 'ಬಾ ಬಾ, ಕಂಬದ ಮ್ಯಾಲೆ ಕೈಯಿಡು' ಅಂದ್ರು. ಇಟ್ಟೆ. ಕನ್ನಡಿ ಇದ್ದಂಗೈತೆ ಕಣೇ ರತ್ನಿ ಆ ಕಂಬ. ನನ್ ಮುಖ ಅದ್ರೊಳಗೆ ಕಾಣ್ತು. ಅಷ್ಟು ದೊಡ್ಡದಾಗಿ ನನ್ ಮುಖಾನ ನಾನು ಅಲ್ಲೀಗಂಟ ನೋಡೇ ಇರ್ಲಿಲ್ಲ."

"ಆಮೇಲೆ?"

"ಆಮೇಲೇನು. ಮಾರನೇ ದಿನ ಹೋದ್ರೆ ಮೇಸ್ತ್ರಿ ಗೇಟಲ್ಲೇ ತಡೆದ. 'ಒಳೀಕೆ ಹೋಗಿ ಕಂಬ ಮುಟ್ಟೋವಷ್ಟು ಬೆಳೆದುಬಿಟ್ಟೇನೇ? ನಾಳೆಯಿಂದ ಬರಬ್ಯಾಡ' ಅಂದ. ನೀನು ಇನ್ನೂ ಎದೆಹಾಲು ಕುಡೀತಿದ್ದೆ. ಊರಲ್ಲಿ ಬೇರೆ ಕೆಲಸ ಇರ್ಲಿಲ್ಲ. ಎರಡು ತಿಂಗ್ಳು ನೋಡಿದ್ವಿ. ಆಮೇಲೆ ನಿಮ್ಮಪ್ಪ, 'ನಡಿ, ಅರಸೀಕೆರೆ ಮಂಡೀಲಿ ಕಾಯಿ ಸುಲಿಯೋಕೆ ಆಳು ಬೇಕಂತೆ' ಅಂದ. ಬಂದ್ವಿ."

ನಾವು ಅರಸೀಕೆರೆಗೆ ಯಾಕೆ ಬಂದೆವು ಎಂದು ನಾನು ಎಂದೂ ಕೇಳಿರಲಿಲ್ಲ. ಅಪ್ಪನ ಕೆಲಸಕ್ಕೆ ಬಂದೆವು ಎಂದು ನಾನೇ ಅಂದುಕೊಂಡಿದ್ದೆ. ನಾನು ಓದಿದ ಶಾಲೆ, ಕಾಲೇಜು, ನನ್ನ ಕೆಲಸ ಎಲ್ಲವೂ ಆ ಗೇಟಿನಿಂದ ಹೊರಗೆ ಕಳಿಸಿದ ಮೇಲೆ ಬಂದವು. ಹಾಗಂತ ಸಮಾಧಾನ ಮಾಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಕಾಯಿ ಸಿಪ್ಪೆ ಸುಲಿದು ಸುಲಿದು ಅಪ್ಪನ ಅಂಗೈ ಒಡೆದಿತ್ತು; ಸಾಯುವವರೆಗೂ ಮುದ್ದೆಯನ್ನು ಬೆರಳ ತುದಿಯಲ್ಲೇ ಮುರಿಯುತ್ತಿದ್ದ.

"ಇದನ್ನ ಏನ್ ಮಾಡ್ತೀಯ ಈಗ?" ಅವ್ವ ಕೇಳಿದಳು.

"ಇಂಟರ್‌ನೆಟ್‌ಗೆ ಹಾಕ್ತೀವಿ. ಯಾವ ದೇಶದೋರಾದ್ರೂ ನೋಡಬಹುದು. ಆದ್ರೆ..." ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆದ್ರೆ ಮನುಷ್ಯರಿರೋ ಕಡೆ ಕತ್ತರಿಸಿ ಹಾಕ್ತೀವಿ."

ಅವ್ವ ನನ್ನ ಕಡೆ ತಿರುಗಿದಳು. ಪೊರೆ ಕಟ್ಟಿದ ಕಣ್ಣು; ನನ್ನನ್ನು ಎಷ್ಟು ಕಂಡಳೋ.

"ಇಲ್ಲೀಗಂಟ ಎಷ್ಟು ಜನಾನ ಕತ್ತರಿಸಿದ್ದೀಯ?"

ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಶುಕ್ರವಾರ ಮೇಷ್ಟ್ರು ಬಂದು ಕೊಡೆ ಮೂಲೆಗಿಟ್ಟು ಕೂತ ತಕ್ಷಣ ಆ ಪ್ರಿಂಟನ್ನು ಅವರ ಮುಂದಿಟ್ಟೆ. "ಕಂಬ ಚೆನ್ನಾಗಿ ಬಂದಿದೆ" ಎಂದರು.

"ಸಾರ್, ಪಕ್ಕದಲ್ಲಿರೋದು ನಮ್ಮವ್ವ" ಎಂದೆ. ಉಳಿದದ್ದನ್ನೂ ಹೇಳಿದೆ. ನಾನು ಸಿಟ್ಟಿನಲ್ಲೇ ಹೇಳಬೇಕೆಂದು ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಹೇಳುವಾಗ ಸುಮ್ಮನೆ ಸುಸ್ತಾದವಳಂತೆ ಹೇಳಿದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು. "ಅವತ್ತು ಬೆಳಕು ಪೂರ್ವದ ಬಾಗಿಲಿಂದ ಬರ್ತಿತ್ತು. ಅದು ನೆನಪಿದೆ. ಎರಡು ಸಲ ತೆಗೆದೆ, ಅದೂ ನೆನಪಿದೆ. ಆಕೆ ನೆನಪಿಲ್ಲವಲ್ಲಮ್ಮ" ಎಂದರು. ಕನ್ನಡಕ ಮತ್ತೆ ಏರಿಸಿಕೊಂಡು ಕೇಳಿದರು: "ಕತ್ತರಿಸಿದ್ದನ್ನೆಲ್ಲ ಮತ್ತೆ ಮಾಡೋಕಾಗುತ್ತಾ?"

ಆಗುತ್ತದೆ. ಸ್ಲೈಡು ಇತ್ತಲ್ಲ. ಆದರೆ ಎರಡು ತಿಂಗಳ ಕೆಲಸವನ್ನು ಮತ್ತೆ ಮೊದಲಿನಿಂದ ಊದಿ, ಒರೆಸಿ, ಕೂರಿಸಬೇಕು. ಆ ಕ್ಷಣ ಮೇಷ್ಟ್ರ ಮೇಲೆ ಬಂದ ಸಿಟ್ಟಿಗೆ ಅವ್ವನ ಕಾರಣ ಅರ್ಧ, ನನ್ನ ಬೆನ್ನಿನ ಕಾರಣ ಅರ್ಧ. ಪ್ರಿನ್ಸಿಪಾಲರ ಹತ್ತಿರ ಹೋಗಿ ಹೇಳಿದಾಗ ಅವರು ಹಣೆ ಉಜ್ಜಿಕೊಂಡರು. "ನಮಗೆ ಬೇಕಿರೋದು ಶಿಲ್ಪದ ಚಿತ್ರ ಕಣಮ್ಮ. ಹೋಗ್ಲಿ, ತಪಾಸಣೆಗೆ ಮುಂಚೆ ಮುಗಿಯೋದಾದ್ರೆ ಮಾಡ್ಕೋ" ಎಂದರು.

ಅವ್ವ ಕಾಲೇಜಿಗೆ ಬರುತ್ತೇನೆ ಎಂದದ್ದು ಅವಳಾಗಿಯೇ. "ಮಿಕ್ಕೋರು ಯಾರ್ಯಾರು ಅಂತ ನಂಗೊತ್ತಿರ್ತದೆ. ನಿಂಗೇನು ಗೊತ್ತು" ಎಂದಳು. ಮಂಗಳವಾರ ಅವಳ ಕೈ ಹಿಡಿದು ಲೈಬ್ರರಿಯ ಮೆಟ್ಟಿಲು ಹತ್ತಿಸಿದೆ. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು.

"ನನ್ನಿಂದ ನಿಮಗೆ ಕೆಲಸ ಹೋಯ್ತಂತೆ. ನಂಗೆ ಗೊತ್ತೇ ಇರಲಿಲ್ಲ. ತಪ್ಪಾಯ್ತು ನಿಂಗಮ್ಮ" ಎಂದರು.

ಊರಲ್ಲಾಗಿದ್ದರೆ ಅವ್ವನ ವಾರಿಗೆಯವರು ಅವರಂಥವರನ್ನು 'ಬುದ್ಧಿ' ಎಂದೇ ಕರೆಯುತ್ತಿದ್ದರು. ಅವ್ವ ಹಾಗೆ ಕರೆಯಲಿಲ್ಲ.

"ನೀವು ಕೈಯಿಡು ಅಂದ್ರಿ, ಇಟ್ಟೆ. ಕೆಲಸದಿಂದ ತೆಗೆದೋನು ಮೇಸ್ತ್ರಿ" ಎಂದಳು. "ಆದ್ರೆ ಮೇಷ್ಟ್ರೇ, ಮಾರನೇ ದಿನಾನೂ ನೀವು ಬಂದಿದ್ರಿ. ನಾನು ಗೇಟಿನ ಹೊರಗೆ ಇವಳನ್ನ ಎತ್ಕೊಂಡು ನಿಂತಿದ್ದೆ. ನನ್ನ ನೋಡ್ಕೊಂಡೇ ಒಳೀಕೆ ಹೋದ್ರಿ."

ಮೇಷ್ಟ್ರು ನಿಂತೇ ಇದ್ದರು. ಹೊರಗೆ ಗಾಳಿಗೆ ಒಂದು ಬಾಗಿಲು ಬಡಿದುಕೊಳ್ಳುತ್ತಿತ್ತು. ಕೊನೆಗೆ ಅವ್ವನೇ ಸ್ಟೂಲೆಳೆದು ಕೂತು, "ತೋರ್ಸು ರತ್ನಿ, ಹೊತ್ತಾಯ್ತದೆ" ಎಂದಳು.

ಮಾನಿಟರಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಒಂದೊಂದನ್ನೇ ನೋಡಿದಳು. "ಇವ್ನು ಸಿದ್ದ, ಕಿವುಡ. ಇವ್ಳು ಅವನ ಎರಡನೇ ಹೆಂಡ್ರು." "ಇವನ ಹೆಸರು ಗೊತ್ತಿಲ್ಲ. ಜಾವಗಲ್ ಕಡೆಯೋನು, ಚೆನ್ನಾಗಿ ಹಾಡೋನು." ಎಷ್ಟೋ ಮುಖಗಳಿಗೆ ಸುಮ್ಮನೆ ತಲೆ ಅಲ್ಲಾಡಿಸಿದಳು. ಮೇಷ್ಟ್ರು ಈ ಪಕ್ಕದಿಂದ ಕಲ್ಲಿನ ಹೆಸರು ಹೇಳುತ್ತಿದ್ದರು, ಅವ್ವ ಆ ಪಕ್ಕದಿಂದ ಮನುಷ್ಯರ ಹೆಸರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. 'ಬಸ್ತಿಹಳ್ಳಿ, ಬಸದಿಯ ಒಳಗಂಬ, ಪಕ್ಕದಲ್ಲಿ ನಿಂಗಮ್ಮ' ಎಂದು ಟೈಪ್ ಮಾಡಿದ ದಿನ ಅವಳಿಗೆ ಓದಿ ಹೇಳಿದೆ. "ಹೂಂ" ಎಂದಳು, ಅಷ್ಟೇ.

ನಾಲ್ಕು ದಿನ ಬಂದಳು. ಅಷ್ಟರಲ್ಲಿ ಅವಳ ಕಣ್ಣಿನ ಆಪರೇಷನ್‌ಗೆ ದಿನ ಸಿಕ್ಕಿತು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು, ಒಲೆಯ ಮುಂದೆ ಬಿಡುವಂತಿಲ್ಲ. ರಜೆ ಹಾಕಿದೆ. ಮರಳಿ ಬರುವ ಹೊತ್ತಿಗೆ ತಪಾಸಣೆ ತಂಡ ಮುಂಚೆಯೇ ಬರುತ್ತದೆಂದು ಸುದ್ದಿ ಬಂದಿತ್ತು. ದಸರಾ ರಜೆಯಲ್ಲೂ ಕೂತು, ಹಳೇಬೀಡಿನದೂ ಬೇಲೂರಿನದೂ ಮತ್ತೆ ಸ್ಕ್ಯಾನ್ ಮಾಡಿ ಮುಗಿಸಿದೆ. ಹುಲಿಕೆರೆಯ ಡಬ್ಬಿ ಒಂದು ಉಳಿಯಿತು. ಅಲ್ಲಿನ ಮೆಟ್ಟಿಲು ಕೊಳದ ಚಿತ್ರಗಳು. ಜೂನ್‌ನಲ್ಲಿ ಎಲ್ಲಕ್ಕಿಂತ ಮೊದಲು ಕತ್ತರಿಸಿದವು. ಪ್ರಿನ್ಸಿಪಾಲರು ಬಂದು, "ಸಾಕು ರತ್ನಮ್ಮ, ಇದ್ದಂಗೇ ಇರ್ಲಿ ಬಿಡು. ಪುಟ ಮಾಡೋರಿಗೆ ಇವತ್ತೇ ಸಿ.ಡಿ. ಕೊಡ್ಬೇಕು" ಎಂದರು.

ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ದೀಪಾವಳಿ ಆದ ಮೇಲೆ ಮಾಡೋಣ ಎಂದುಕೊಂಡು ಮುಚ್ಚಿದೆ. ನಿಜ ಹೇಳಬೇಕೆಂದರೆ, ಬೇರೆಯವರು ಸಾಕು ಎಂದದ್ದು ನನಗೆ ಹಾಯೆನಿಸಿತು.

ತಂಡ ಬಂತು. ಮೂವರಲ್ಲಿ ಒಬ್ಬರು ಎರಡು ಚಿತ್ರ ನೋಡಿ ಒಳ್ಳೆಯದು ಎಂದರು. ಉಳಿದವರು ಶೌಚಾಲಯಗಳನ್ನು ನೋಡಲು ಹೋದರು. ಪುಟ ಇಂಟರ್‌ನೆಟ್ಟಿನಲ್ಲಿ ಬಂತು. ಟ್ರಂಕು ಬೇಲೂರಿಗೆ ವಾಪಸು ಹೋಯಿತು. ದೀಪಾವಳಿ ಆದ ಮೇಲೆ ಪರೀಕ್ಷೆ, ಆಮೇಲೆ ಹೊಸ ಪುಸ್ತಕಗಳ ಪಟ್ಟಿ, ಆಮೇಲೆ ಇನ್ನೇನೋ. ಮರುವರ್ಷ ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರೆಂದು ತಿಳಿಯಿತು. ಅವ್ವನಿಗೆ ಹೇಳಿದೆ. "ಪಾಪ. ನಾನು ಅಷ್ಟು ಬಿರುಸಾಗಿ ಅನ್ನಬಾರದಿತ್ತು" ಎಂದಳು. ಆಮೇಲೆ, "ಅಂದಿದ್ದು ಸುಳ್ಳೇನಲ್ಲ" ಎಂದೂ ಅಂದಳು.

ಅದಾದ ಮೇಲೆ ಒಂದು ಬೇಸಿಗೆ ಅವ್ವ ಹುಲಿಕೆರೆಗೆ ನೆಂಟರ ಮದುವೆಗೆ ಹೋಗಿ ಬಂದಳು. ಹದಿನೈದು ದಿನಕ್ಕೆ ಲೈಬ್ರರಿಗೆ ಒಬ್ಬ ಹೆಂಗಸು ಬಂದರು. ಹೆಸರು ಶಾಂತಮ್ಮ, ಹುಲಿಕೆರೆಯವರು, ಅಂಗನವಾಡಿಯಲ್ಲಿ ಕೆಲಸ.

"ನಿಂಗಮ್ಮಜ್ಜಿ ಹೇಳ್ತು ಅಕ್ಕ, ನಮ್ಮವ್ವನೂ ಕೊಳದ ಹತ್ರ ಫೋಟೋಕ್ಕೆ ನಿಂತಿದ್ಲಂತೆ. ಚಿಕ್ಕತಾಯಮ್ಮ ಅಂತ. ನಾನು ವರ್ಸದ ಕೂಸಿದ್ದಾಗ ಹೋಗ್ಬಿಟ್ಲು. ಮನೇಲಿ ಒಂದು ಫೋಟೋ ಇಲ್ಲ. ಎಡೆ ಇಡೋವಾಗ ಒಂದು ಚೊಂಬು ಇಟ್ಟು ಮಾಡ್ತೀವಿ" ಎಂದರು.

ಅವರನ್ನು ಕೂರಿಸಿ, ಬೇಲೂರಿಗೆ ಮೇಷ್ಟ್ರ ಮನೆಗೆ ಫೋನ್ ಮಾಡಿದೆ. ಅವರ ತಮ್ಮನ ಮಗ ಎತ್ತಿಕೊಂಡರು. ಟ್ರಂಕು ಹಿತ್ತಲ ಕೋಣೆಯಲ್ಲಿತ್ತಂತೆ. ಮಳೆಗೆ ಸೋರಿ, ಸ್ಲೈಡುಗಳೆಲ್ಲ ಒಂದಕ್ಕೊಂದು ಅಂಟಿ, ಹೋದ ವರ್ಷವೇ ಎಸೆದೆವು ಎಂದರು.

ಸಿ.ಡಿ. ಹಾಕಿ ಹುಲಿಕೆರೆಯ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಮೆಟ್ಟಿಲು, ನೀರು, ಮೆಟ್ಟಿಲ ಮೇಲಿನ ಪುಟ್ಟ ಪುಟ್ಟ ಗುಡಿಗಳು. ಎಲ್ಲೂ ಯಾರೂ ಇಲ್ಲ. ಅಷ್ಟು ಶುದ್ಧವಾಗಿ ಕತ್ತರಿಸಿದ್ದೆ. ಒಂದರಲ್ಲಿ ಮಾತ್ರ ಗುಡಿಯ ಅಂಚಿನ ಮೇಲೆ ಒಂದು ಕೈ ಉಳಿದಿತ್ತು. ಇನ್ನೂ ಒಳಗೆ ಕತ್ತರಿಸಿದರೆ ಕೆತ್ತನೆ ಹಾಳಾಗುತ್ತದೆಂದು ಅಲ್ಲಿಗೆ ನಿಲ್ಲಿಸಿದ್ದಿರಬೇಕು. ಮಣಿಕಟ್ಟಿನವರೆಗೆ ಒಂದು ಹೆಂಗಸಿನ ಕೈ, ಮೂರು ಹಸಿರು ಬಳೆ. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಮದುವೇಲಿ ಹಳಬ್ರು ಹೇಳಿದ್ರಲ್ಲ, ಹೆಂಗಸ್ರಲ್ಲಿ ಕೊಳದ ಹತ್ರ ನಿಂತಿದ್ದು ಚಿಕ್ಕತಾಯಿ ಒಬ್ಳೇ. ಮಿಕ್ಕಿದ್ದಕ್ಕೆಲ್ಲ ಗಂಡಸರು" ಎಂದಳು.

"ಮಿಕ್ಕಿದ್ದನ್ನ ಕತ್ತರಿಸಿದ್ದು ನಾನೇ ಶಾಂತಮ್ಮ" ಎಂದೆ. "ಮತ್ತೆ ಮಾಡೋಣ ಅಂತಿದ್ದೆ. ಮಾಡ್ಲಿಲ್ಲ."

ಅವರು ಬೈಯಲಿಲ್ಲ. ನಾನು ಹೇಳಿದ್ದು ಪೂರ್ತಿ ಕಿವಿಗೆ ಬಿತ್ತೋ ಇಲ್ಲವೋ. ಪರದೆಯ ಕಡೆ ಬಗ್ಗಿ, "ಸ್ವಲ್ಪ ದೊಡ್ಡದು ಮಾಡ್ತೀರಾ ಅಕ್ಕ?" ಎಂದರು. ಮಾಡಿದೆ. ತಮ್ಮ ಕೈಯನ್ನು ಮೇಜಿನ ಮೇಲೆ ಅದೇ ರೀತಿ ಚಾಚಿಟ್ಟು, ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು.

"ಹೆಬ್ಬೆರಳು ನಂದೇ ಥರ ಐತೆ" ಎಂದರು. "ಇದನ್ನೇ ಕೊಡಿ."

ಪ್ರಿಂಟ್ ತೆಗೆದೆ. ಕೆಳಗೆ ಹೆಸರು ಬರೆದುಕೊಡಿ ಎಂದರು. ಪೆನ್ನು ತೆಗೆದು, 'ಹುಲಿಕೆರೆ ಕೊಳ, ಚಿಕ್ಕತಾಯಮ್ಮನ ಕೈ' ಎಂದು ಬರೆದೆ. ಶಾಂತಮ್ಮ ಅದನ್ನು ಬೆರಳಿಟ್ಟು ಓದಿ, ಕಾಗದವನ್ನು ನನ್ನ ಕಡೆಗೆ ಮತ್ತೆ ಸರಿಸಿದರು.

"ಕೈ ಅಂತ ಬ್ಯಾಡ ಅಕ್ಕ. ಬರೀ ಚಿಕ್ಕತಾಯಮ್ಮ ಅಂತ ಬರೀರಿ."

ಇನ್ನೊಂದು ಪ್ರಿಂಟ್ ತೆಗೆದು ಹಾಗೆಯೇ ಬರೆದುಕೊಟ್ಟೆ.